ಪರೀಕ್ಷೆಗೆ ಹೈಕು: ವಿಷಯ ಆರಿಸುವುದು ಹೇಗೆ?

ಜಪಾನಿ ಭಾಷೆ, ಸಾಹಿತ್ಯ ಓದುವವರು ಕೊನೆಯ ವರ್ಷ ವೈವಾಕ್ಕೋ ಕಿರುಪ್ರಬಂಧಕ್ಕೋ ವಿಷಯ ಕೊಡಬೇಕಾದಾಗ ಮೊದಲು ನೆನಪಾಗುವುದು ಹೈಕು. ಮೂರೇ ಸಾಲು, ಬೇಗ ಮುಗಿಯುತ್ತದೆ ಎಂಬ ಲೆಕ್ಕಾಚಾರ. ಕೈಕೊಡುವುದೂ ಅದೇ ಲೆಕ್ಕಾಚಾರ. ಹದಿನೇಳು ಮಾತ್ರೆಯ ಪದ್ಯದಲ್ಲಿ ಪರೀಕ್ಷಕರು ಒಂದೊಂದು ಅಕ್ಷರದ ಬಗ್ಗೆಯೂ ಕೇಳಬಹುದು. ಹೈಕು ತೆಗೆದುಕೊಳ್ಳಿ, ಒಳ್ಳೆಯ ಆಯ್ಕೆಯೇ. ಆದರೆ ಫಾರಂನಲ್ಲಿ ಬರೆಯಬೇಕಾದದ್ದು ಅದರೊಳಗಿನ ಒಂದು ಪ್ರಶ್ನೆಯನ್ನು.

ಹೆಜ್ಜೆ 1: ನಿಯಮ ನೋಡಿ

ಎಷ್ಟು ನಿಮಿಷ, ಎಷ್ಟು ಪುಟ, ಮೂಲ ಜಪಾನಿಯಲ್ಲೇ ಓದಬೇಕೋ ಅನುವಾದ ನಡೆಯುತ್ತದೋ ಎಂಬುದನ್ನು ವಿಭಾಗದಿಂದ ಬರಹದಲ್ಲೇ ಪಡೆಯಿರಿ. ಸೀನಿಯರ್‌ಗಳ ಮಾತು ನೆಚ್ಚಬೇಡಿ.

ಹೆಜ್ಜೆ 2: ನಿಮ್ಮ ಜಪಾನಿ ಎಷ್ಟಿದೆ ಅಳೆಯಿರಿ

ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆಯಾದ ಜೆಎಲ್‌ಪಿಟಿಯಲ್ಲಿ ಎನ್2 ಮಟ್ಟ ಪಾಸಾದವರೂ ಇಲ್ಲಿ ಎಡವುತ್ತಾರೆ. ಆ ಪರೀಕ್ಷೆ ಇಂದಿನ ಜಪಾನಿಯದು. ಹೈಕು ಕವಿಗಳಾದ ಬಾಶೋ (1644–1694), ಬುಸೊನ್ (1716–1784), ಇಸ್ಸಾ (1763–1828) ಬರೆದದ್ದು ‘ಬುಂಗೊ’ ಎಂಬ ಹಳೆಯ ವ್ಯಾಕರಣದಲ್ಲಿ. ಹೊಸಗನ್ನಡ ಬಲ್ಲವರ ಮುಂದೆ ಹಳಗನ್ನಡ ಇಟ್ಟ ಹಾಗೆ. ಒಂದು ಗಂಟೆ, ‘ಕೊಗೊ ಜಿತೆನ್’ ಅಂದರೆ ಹಳೆಯ ಜಪಾನಿಯ ನಿಘಂಟು, ಬಾಶೋನ ಮೂರು ಪದ್ಯ ಇಟ್ಟುಕೊಂಡು ಕೂತು ನೋಡಿ. ಪದ ಬಿಡಿಸಲು ಬಂದರೆ ಮುಂದುವರಿಯಿರಿ.

ಬಾರದಿದ್ದರೆ ಆಧುನಿಕ ಹೈಕು ಕವಿ ಸಂತೋಕ (1882–1940) ಇದ್ದಾನೆ. ‘ಮಸ್ಸುಗು ನ ಮಿಚಿ ದೆ ಸಮಿಶೀ’: ನೇರ ದಾರಿ, ಒಂಟಿತನ. ಹೈಕುವಿನ 5-7-5 ಮಾತ್ರೆಯ ಕಟ್ಟಿಲ್ಲ, ಋತು ಸೂಚಿಸುವ ‘ಋತುಪದ’ವಿಲ್ಲ, ಭಾಷೆ ಇಂದಿನದೇ. ‘ಇದು ಹೈಕು ಹೇಗಾಯಿತು?’ ಎಂಬ ಒಂದೇ ಪ್ರಶ್ನೆ ಪರೀಕ್ಷೆಗೆ ಸಾಕು. ಅವನ ಕೃತಿಗಳು ‘ಅಓಜೊರ ಬುಂಕೊ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಬುಂಗೊ ಸಾಲನ್ನು ಯಂತ್ರಾನುವಾದಕ್ಕೆ ಹಾಕುವ ಅಡ್ಡದಾರಿ ಬೇಡವೇ ಬೇಡ. ಹೈಕುವಿನ ಕೊನೆಯಲ್ಲಿ ಬರುವ ‘ಕನ’ ಉದ್ಗಾರದ ಕಿರೆಜಿ, ಅಂದರೆ ಪದ್ಯವನ್ನು ಕತ್ತರಿಸಿ ನಿಲ್ಲಿಸುವ ಪದ. ಇಂದಿನ ಮಾತಿನ ‘ಕನ’ ಎಂದರೆ ‘ಇರಬಹುದೇ’ ಎಂಬ ಅನುಮಾನ. ಎರಡೂ ಬೆರೆತರೆ ಪದ್ಯವೇ ತಲೆಕೆಳಗು.

ಹೆಜ್ಜೆ 3: ಕಿರಿದುಗೊಳಿಸಿ

ಹೆಚ್ಚಿನವರು ಸೋಲುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ‘ಹೈಕುವಿನಲ್ಲಿ ಪ್ರಕೃತಿ’ ವಿಷಯವಲ್ಲ. ಋತುಪದವಿರುವ ಪ್ರತಿ ಹೈಕುವೂ ಅದರೊಳಗೆ ಬಂದುಬಿಡುತ್ತದೆ. ‘ಹೈಕು ಮತ್ತು ಝೆನ್’ ಇನ್ನೂ ಅಪಾಯ. ಬೌದ್ಧ ಗ್ರಂಥಗಳ ಓದು ಬೇಕು, ಅದಿಲ್ಲದೆ ಇಂಗ್ಲಿಷ್ ಪುಸ್ತಕಗಳ ಮಾತನ್ನೇ ಒಪ್ಪಿಸಬೇಕಾಗುತ್ತದೆ. ಇಬ್ಬರು ಕವಿಗಳ ಹೋಲಿಕೆಯೂ ಬೇಡ. ಇಪ್ಪತ್ತು ನಿಮಿಷದಲ್ಲಿ ಒಬ್ಬರಿಗೂ ನ್ಯಾಯ ಸಿಗುವುದಿಲ್ಲ.

ಹೀಗೆ ಮಾಡಿ. ಹಾಳೆಯ ಮೇಲೆ ಮೂರು ಸಾಲು: ಯಾವ ಕೃತಿ, ಯಾವ ಪದ್ಯಗಳು, ಏನು ಪ್ರಶ್ನೆ. ಪದ್ಯ ಎಂಟರಿಂದ ಹನ್ನೆರಡು, ಅದಕ್ಕಿಂತ ಹೆಚ್ಚು ಬೇಡ. ಪ್ರಶ್ನೆಗೆ ‘ಹೌದು’, ‘ಅಲ್ಲ’ ಎರಡೂ ಉತ್ತರ ಸಾಧ್ಯವಿರಬೇಕು.

ಬಾಶೋನ ಪ್ರವಾಸಕಥನ ‘ಒಕು ನೊ ಹೊಸೊಮಿಚಿ’ ತೆಗೆದುಕೊಳ್ಳಿ. 1689ರ ಪ್ರಯಾಣ, ಅಚ್ಚಾದದ್ದು ಕವಿ ತೀರಿಕೊಂಡ ಮೇಲೆ, 1702ರಲ್ಲಿ. ಜೊತೆಗಿದ್ದ ಶಿಷ್ಯ ಸೊರ ದಿನಚರಿ ಇಟ್ಟಿದ್ದ. ಅದು ಪ್ರಕಟವಾದದ್ದು 1943ರಲ್ಲಿ. ಇಚಿಬುರಿ ಎಂಬ ಊರಲ್ಲಿ ತಂಗಿದ್ದಾಗ ಒಂದೇ ಸೂರಿನಡಿ ವೇಶ್ಯೆಯರೂ ಮಲಗಿದ್ದರು ಎಂಬ ಪದ್ಯವಿದೆ. ಸೊರನಿಗೆ ಹೇಳಿದೆ, ಅವನು ಬರೆದುಕೊಂಡ ಎನ್ನುತ್ತಾನೆ ಬಾಶೋ. ಸೊರನ ದಿನಚರಿಯಲ್ಲಿ ಆ ಪದ್ಯವೇ ಇಲ್ಲ. ‘ಬಾಶೋನ ಪ್ರವಾಸಕಥನ’ ಎಂದು ಬರೆದರೆ ಅದು ಕ್ಷೇತ್ರವಷ್ಟೇ. ‘ದಿನಚರಿಗೂ ಕಥನಕ್ಕೂ ತಾಳೆಯಾಗದ ಕಡೆ ಬಾಶೋ ಬೇಕೆಂದೇ ಕಥೆ ಕಟ್ಟುತ್ತಿದ್ದಾನೆಯೇ?’ ಎಂದರೆ ವಿಷಯ ಸಿಕ್ಕಿತು.

ಇನ್ನೂ ಚಿಕ್ಕದು ಬೇಕೇ? ಕಗ ಪ್ರಾಂತ್ಯದ ಚಿಯೊ (1703–1775) ಬರೆದ ಪದ್ಯ: ‘ಅಸಗಒ ನಿ / ತ್ಸುರುಬೆ ತೊರರೆತೆ / ಮೊರಇ ಮಿಜು’. ಬಾವಿಯ ಬಿಂದಿಗೆಯನ್ನು ಮಾರ್ನಿಂಗ್ ಗ್ಲೋರಿ ಬಳ್ಳಿ ಸುತ್ತಿಕೊಂಡಿದೆ, ಹೀಗಾಗಿ ನೀರನ್ನು ಪಕ್ಕದವರಲ್ಲಿ ಕೇಳಿ ತಂದದ್ದು. ಇದರದೇ ಇನ್ನೊಂದು ಪಾಠದಲ್ಲಿ, ಅಂದರೆ ಪಠ್ಯರೂಪದಲ್ಲಿ, ‘ನಿ’ ಇದ್ದಲ್ಲಿ ‘ಯ’ ಇದೆ. ‘ನಿ’ ಇದ್ದರೆ ಬಳ್ಳಿ ಕಾರಣ, ಪದ್ಯ ಒಂದೇ ವಾಕ್ಯವಾಗಿ ಹರಿಯುತ್ತದೆ. ‘ಯ’ ಎಂಬ ಕಿರೆಜಿ ಬಂದ ಕೂಡಲೇ ಅಲ್ಲಿ ಕತ್ತರಿ ಬೀಳುತ್ತದೆ. ಹೂವು ಬೇರೆ, ನೀರು ಬೇರೆ ನಿಲ್ಲುತ್ತವೆ. ಒಂದೇ ಅಕ್ಷರ, ಪೂರ್ತಿ ವಿಷಯ.

ಇದೇ ಪದ್ಯದಲ್ಲಿ ಋತು ಯಾವುದು ಎಂದು ಕೇಳಿದರೆ ಅನೇಕರು ‘ಬೇಸಿಗೆ’ ಎಂದುಬಿಡುತ್ತಾರೆ. ಸೈಜಿಕಿ, ಅಂದರೆ ಋತುಪದಗಳ ಕೋಶ, ಇದನ್ನು ಶರತ್ತಿಗೆ ಸೇರಿಸುತ್ತದೆ. ಜಪಾನು 1873ರಲ್ಲಿ ಪಾಶ್ಚಾತ್ಯ ಕ್ಯಾಲೆಂಡರಿಗೆ ಹೋಗುವವರೆಗೆ ಲೆಕ್ಕವೆಲ್ಲ ಚಾಂದ್ರಮಾನದ್ದು. ಏಳು, ಎಂಟು, ಒಂಬತ್ತನೇ ತಿಂಗಳು ಶರತ್ತು. ಯುಗಾದಿ, ಅಧಿಕ ಮಾಸ ಬಲ್ಲ ನಮಗೆ ಇದು ಕಷ್ಟವಾಗಬಾರದು. ಸೈಜಿಕಿ ನೋಡದೆ ಋತು ಹೇಳಬೇಡಿ.

ಹೆಜ್ಜೆ 4: ಮಾತ್ರೆ ಎಣಿಸಿ

ಹೈಕುವಿನ ಎಣಿಕೆ ಇಂಗ್ಲಿಷಿನ ಸಿಲಬಲ್ ಅಲ್ಲ, ಮಾತ್ರೆಗೆ ಹತ್ತಿರ. ಲಘು-ಗುರು ಹಾಕಿ ಕಲಿತವರಿಗೆ, ಅದರಲ್ಲೂ ಎ-ಏ, ಒ-ಓ ಬೇರೆಬೇರೆ ಬರೆಯುವ ಕನ್ನಡಿಗರಿಗೆ ಇದು ಕೈಗೆ ಬಂದ ಅನುಕೂಲ. ಹಳೆಯ ಕೊಳ, ಕಪ್ಪೆ ಧುಮುಕುವ ನೀರ ಸದ್ದು ಎಂಬ ಬಾಶೋನ ಪದ್ಯ ‘ಫುರುಇಕೆ ಯ / ಕವಜು ತೊಬಿಕೊಮು / ಮಿಜು ನೊ ಒತೊ’: ಎಲ್ಲವೂ ಲಘು, ಐದು-ಏಳು-ಐದು. ‘ನಿಪ್ಪೊನ್’ ಎರಡು ಗುರು, ನಾಲ್ಕು ಮಾತ್ರೆ, ಜಪಾನಿಯಲ್ಲೂ ನಾಲ್ಕೇ. ಒಂದು ಕಡೆ ಮಾತ್ರ ಎಚ್ಚರ: ಬಸವನಹುಳು ಎಂಬರ್ಥದ ‘ಕಗ್ಯೂ’ ನಮ್ಮ ಲೆಕ್ಕಕ್ಕೆ ನಾಲ್ಕು, ಜಪಾನಿಯಲ್ಲಿ ಮೂರು. ಅಲ್ಲಿ ‘ಗ್ಯ’ದ ಒತ್ತು ಹಿಂದಿನ ಅಕ್ಷರವನ್ನು ಗುರು ಮಾಡುವುದಿಲ್ಲ.

ಬಾಶೋನ ಆ ಪದ್ಯದಲ್ಲಿ ಕಪ್ಪೆ ಒಂದೋ ಹಲವೋ ಎಂದು ಜಪಾನಿ ಹೇಳುವುದಿಲ್ಲ. ಇಂಗ್ಲಿಷ್ ಅನುವಾದಕರು ಆರಿಸಲೇಬೇಕು. ಲಾಫ್ಕಾಡಿಯೊ ಹರ್ನ್ ಬಹುವಚನ ಹಾಕಿದ. ‘ಕಪ್ಪೆ ಧುಮುಕುವ ನೀರ ಸದ್ದು’ ಎಂಬ ಕನ್ನಡ ಎರಡಕ್ಕೂ ಎಡೆ ಬಿಡುತ್ತದೆ. ಅನುವಾದದ ಮೇಲೆ ವಿಷಯ ಬೇಕಾದವರು ಇಲ್ಲಿಂದ ಶುರುಮಾಡಬಹುದು.

ಹೆಜ್ಜೆ 5: ಮೂಲ ಕೈಯಲ್ಲಿದೆಯೇ?

ವಿಷಯ ಒಪ್ಪಿಸುವ ಮೊದಲೇ ಟಿಪ್ಪಣಿ ಸಹಿತದ ಜಪಾನಿ ಆವೃತ್ತಿ ಒಂದು, ಲೇಖನಗಳು ನಾಲ್ಕಾದರೂ ಸಿಗುತ್ತವೆಯೇ ನೋಡಿ. ಲೇಖನಗಳಿಗೆ ಸೈನಿ ಮತ್ತು ಜೆ-ಸ್ಟೇಜ್ ಎಂಬ ಜಪಾನಿ ಜಾಲತಾಣಗಳು ಸಾಕು. ಮೂಲ ಪದ್ಯ ಅಚ್ಚುಮಾಡದೆ ಬರೀ ಅನುವಾದ ಕೊಡುವ ಉಡುಗೊರೆ ಪುಸ್ತಕಗಳಿಗೆ ದುಡ್ಡು ಹಾಕಬೇಡಿ. ಪ್ರಾಸಕ್ಕಾಗಿ ಇಲ್ಲದ ಪದ ತುರುಕಿರುತ್ತಾರೆ, ಯಾವ ಪಾಠ ಅನುಸರಿಸಿದ್ದಾರೆ ಎಂಬುದೂ ತಿಳಿಯುವುದಿಲ್ಲ.

ಪಾಠದ ಮಾತು ಸಣ್ಣದಲ್ಲ. ಒಣ ಕೊಂಬೆಯ ಮೇಲೆ ಕೂತ ಕಾಗೆಯ ಕುರಿತ ಬಾಶೋನ ಪದ್ಯಕ್ಕೆ 1680ರ ರೂಪದಲ್ಲಿ ನಡುಸಾಲು ‘ಕರಸು ನೊ ತೊಮರಿತರು ಯ’, ಹತ್ತು ಮಾತ್ರೆ. ಆಮೇಲಿನ ರೂಪದಲ್ಲಿ ‘ತೊಮರಿಕೆರಿ’, ಒಂಬತ್ತು. ಎರಡೂ ಏಳನ್ನು ಮೀರುತ್ತವೆ. ಆದ್ದರಿಂದ ಗೈಡ್ ಕೈಗೆ ಕೊಡುವ ಹಾಳೆಯಲ್ಲಿ ಪ್ರತಿ ಪದ್ಯವನ್ನೂ ಜಪಾನಿ ಲಿಪಿಯಲ್ಲಿ ಬರೆದು, ಕೆಳಗೆ ಋತುಪದ, ಕಿರೆಜಿ, ಮಾತ್ರೆ, ಯಾವ ವರ್ಷದ ಯಾವ ಪಾಠ ಎಂಬುದನ್ನು ಗುರುತುಮಾಡಿ.