ಗಡಿಯಾರ ತೆಗೆದ ಮೇಲೆ ಲೆಕ್ಕ ಸಿಕ್ಕಿತು

ಪ್ರೊಸೆಸರ್ ವೇಗ ಇಮ್ಮಡಿಯಾದರೆ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ ಎಷ್ಟು ಎಲೋ (ಆಟದ ಬಲದ ರೇಟಿಂಗ್) ಏರುತ್ತದೆ ಅಂತ ನಮ್ಮ ಕಲಬುರಗಿ ಗೆಳೆಯರನ್ನು ಕೇಳಿ, ಎಲ್ಲರದೂ ಒಂದೇ ಉತ್ತರ: ಐವತ್ತರಿಂದ ಎಪ್ಪತ್ತು. ಯಾರೂ ಅಳೆದು ನೋಡಿದವರಲ್ಲ. ನಾನು ಅಳೆದೆ, ಅದೂ ಹನ್ನೊಂದು ಸಾವಿರ ಚಿಲ್ಲರೆಗೆ ಕೊಂಡ ನಾಲ್ಕನೇ ಪೀಳಿಗೆಯ ಹಳೇ ಐ5 ಡೆಸ್ಕ್‌ಟಾಪ್‌ನಲ್ಲಿ.

ಶುರುವಿನ ಪಂದ್ಯಗಳೆಲ್ಲ ದಂಡ. ಎಂಜಿನ್‌ಗಳ ಪಂದ್ಯ ನಡೆಸುವ ಕ್ಯೂಟ್‌ಚೆಸ್‌ನಲ್ಲಿ ಸ್ಟಾಕ್‌ಫಿಶ್‌ನದೇ ಎರಡು ಪ್ರತಿ ಎದುರುಬದುರು ಕೂರಿಸಿ ಒಬ್ಬನಿಗೆ ಹತ್ತು ಸೆಕೆಂಡ್, ಇನ್ನೊಬ್ಬನಿಗೆ ಇಪ್ಪತ್ತು ಕೊಟ್ಟು ಬಿಟ್ಟಿದ್ದೆ. ರಾತ್ರಿ ಒಂದು ಫಲಿತಾಂಶ, ಮಧ್ಯಾಹ್ನ ಇನ್ನೊಂದು. ಎಂಜಿನ್ ವೇಗ ಅಳೆಯುವ ಬೆಂಚ್ ಓಡಿಸಿದಾಗ ಗೊತ್ತಾಯಿತು, ರಾತ್ರಿ ಒಂದು ಕೋರ್‌ಗೆ ಸೆಕೆಂಡಿಗೆ ಒಂಬತ್ತು ಲಕ್ಷ ನೋಡ್ (ಎಂಜಿನ್ ಪರಿಶೀಲಿಸುವ ಸ್ಥಾನ) ಬರುತ್ತಿದ್ದದ್ದು ಮೇ ತಿಂಗಳ ಮಧ್ಯಾಹ್ನ ಏಳಕ್ಕೆ ಇಳಿಯುತ್ತಿತ್ತು. ಹೊರಗೆ 42 ಡಿಗ್ರಿ, ಒಳಗೆ ಫ್ಯಾನ್ ಗೋಳಾಟ. ಪ್ರೊಸೆಸರ್ ಮೇಲಿನ ಪೇಸ್ಟ್ ಬದಲಿಸಿ ಧೂಳು ಹೊಡೆದೆ, ನೂರೈವತ್ತು ರೂಪಾಯಿ ಖರ್ಚು, ಅರ್ಧ ವಾಸಿ. ಅದರ ಮೇಲೆ ಕರೆಂಟ್ ಹೋದರೆ ಓಡುತ್ತಿದ್ದ ಪಂದ್ಯಗಳೂ ಹೋದವು. ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆಯಿಂದ ತಂದ ಯುಪಿಎಸ್ ಎರಡೂವರೆ ಸಾವಿರ ತಿಂದು ಎಂಟು ನಿಮಿಷ ತಡೆಯಿತು, ಅಷ್ಟೇ.

ಕಡೆಗೆ ಗಡಿಯಾರವನ್ನೇ ತೆಗೆದುಹಾಕಿದೆ. ಪ್ರತಿ ನಡೆಗೂ ಇಂತಿಷ್ಟೇ ನೋಡ್: ಒಬ್ಬನಿಗೆ ಒಂದು ಲಕ್ಷ, ಎದುರಾಳಿಗೆ ಎರಡು. ಬಿಸಿಲಿಗೆ ಯಂತ್ರ ನಿಧಾನವಾದರೆ ಪಂದ್ಯ ತಡವಾಗುತ್ತದೆ, ಆಟ ಬದಲಾಗುವುದಿಲ್ಲ. ಅಷ್ಟೇ ಹೊತ್ತಿನಲ್ಲಿ ಇಮ್ಮಡಿ ನೋಡ್ ನೋಡುವುದೆಂದರೆ ಇಮ್ಮಡಿ ವೇಗದ ಪ್ರೊಸೆಸರ್ ಎಂದೇ ಅರ್ಥ. "ಗಡಿಯಾರ ಇಲ್ದ ಸ್ಪೀಡ್ ಹ್ಯಾಂಗ ಅಳೀತಿ ತಮ್ಮಾ?" ಅಂತ ನಕ್ಕವರೊಬ್ಬರು ಮನೆಗೆ ಹೋಗಿ ತಾವೂ ಮಾಡಿದರು. ಆದರೆ ಬೇರೆ ಬೇರೆ ಆರಂಭಗಳಿಂದ ಆಡಿಸುವ ಓಪನಿಂಗ್ ಫೈಲ್ ಹಾಕಿರಲಿಲ್ಲ. ಒಂದೇ ಥ್ರೆಡ್, ನಿಗದಿತ ನೋಡ್ ಆದಾಗ ಎಂಜಿನ್ ಅದೇ ನಡೆಯನ್ನೇ ಮತ್ತೆ ಮತ್ತೆ ಆಡುತ್ತದೆ. ಇನ್ನೂರು ಪಂದ್ಯ ಓಡಿಸಿ ಅವರಿಗೆ ಸಿಕ್ಕಿದ್ದು ಬರೀ ಎರಡು ಬೇರೆ ಆಟ, ಬಿಳಿಯಲ್ಲೊಂದು ಕಪ್ಪಲ್ಲೊಂದು. ನಾನು ಪ್ರತಿ ಓಪನಿಂಗನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸಿದೆ. ಆ ಓಪನಿಂಗ್‌ಗಳನ್ನು ಹೇಗೆ ಆರಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ.

ನೂರು ಪಂದ್ಯಕ್ಕೆ ತೀರ್ಪು ಕೊಡುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಸಾವಿರ ಬೇಕು. ಮೂರು ಕೋರ್‌ಗೆ ಕೆಲಸ, ಒಂದು ಖಾಲಿ. ಕರೆಂಟಿಗೆ ಹೆದರಿ ಐವತ್ತೈವತ್ತರ ಕಂತು. ನೆನಪಿನಿಂದ ಹೇಳುತ್ತೇನೆ: 25 ಸಾವಿರದ ಎದುರು 50 ಸಾವಿರ ನೋಡ್ ಆಡಿದಾಗ ದೊಡ್ಡವನಿಗೆ ಸುಮಾರು 64 ಶೇಕಡಾ ಅಂಕ, ಅಂದರೆ ನೂರು ಎಲೋ. 32 ಲಕ್ಷದ ಎದುರು 64 ಲಕ್ಷಕ್ಕೆ 54 ಶೇಕಡಾ, ಮೂವತ್ತರ ಒಳಗೆ. ಅಲ್ಲಿ ಬಹುಪಾಲು ಪಂದ್ಯ ಡ್ರಾ. ಐವತ್ತು–ಎಪ್ಪತ್ತು ನಡುವೆ ಎಲ್ಲೋ ಬಂದು ಹೋಗುತ್ತದೆ, ನಿಲ್ಲುವುದಿಲ್ಲ.

ಆ ಕೊನೆಯ ಸುತ್ತಿಗೆ ಮೂರು ದಿನ ಹಗಲೂ ರಾತ್ರಿ ಬೇಕಾಯಿತು. ಗೃಹಜ್ಯೋತಿಯಲ್ಲಿ ನಮ್ಮ ಸರಾಸರಿ ಕಡಿಮೆ. "ಫುಕಟ್ ಯೂನಿಟ್ ದಾಟಿದ್ರ ಬಿಲ್ ನೀನೇ ಕಟ್ಟಬೇಕು ನೋಡಪಾ" ಅಂದಳು ಅವ್ವ. ಕಟ್ಟಿದೆ. ಎಂಬತ್ತು ವ್ಯಾಟ್ ಯಂತ್ರ, ದೊಡ್ಡ ಮೊತ್ತವೇನಲ್ಲ.

ನಡುವೆ ಬೇರೆ ಹುಚ್ಚೂ ಹತ್ತಿತು. 2020ರಲ್ಲಿ ಸ್ಟಾಕ್‌ಫಿಶ್ 12ಕ್ಕೆ ಎನ್‌ಎನ್‌ಯುಇ (ಸ್ಥಾನ ತೂಗುವ ನ್ಯೂರಲ್ ಜಾಲ) ಬಂತಲ್ಲ, 11ರ ಜೊತೆ ಬೆಂಚ್ ಹೋಲಿಸಿದರೆ ಅದು ನಿಧಾನ. ಆದರೂ ಅಷ್ಟೇ ಸಮಯ ಕೊಟ್ಟರೆ 11 ಏಳುವುದೇ ಇಲ್ಲ. 1997ರಲ್ಲಿ ಕ್ಯಾಸ್ಪರೋವ್‌ನನ್ನು ಸೋಲಿಸಿದ ಡೀಪ್ ಬ್ಲೂ ಯಂತ್ರ ಸೆಕೆಂಡಿಗೆ ಇಪ್ಪತ್ತು ಕೋಟಿ ಸ್ಥಾನ ನೋಡುತ್ತಿತ್ತು. ನನ್ನ ಡಬ್ಬ ನಾಲ್ಕೂ ಕೋರ್ ಸೇರಿ ಮೂವತ್ತೈದು ಲಕ್ಷ ದಾಟುವುದಿಲ್ಲ, ಆದರೆ ನಾನು ಹಣ ಕಟ್ಟುವುದು ಡಬ್ಬದ ಮೇಲೆಯೇ. ಪ್ರೊಸೆಸರ್‌ನ ಎವಿಎಕ್ಸ್2 ಸೌಲಭ್ಯ ಬಳಸುವ ಸ್ಟಾಕ್‌ಫಿಶ್ ಬಿಲ್ಡ್ ಬಿಟ್ಟು ಸಾದಾ ಬಿಲ್ಡ್ ಹಾಕಿ ನೋಡಿದೆ, ವೇಗ ಅರ್ಧದ ಹತ್ತಿರ ಕುಸಿಯಿತು. ಲಕ್ಷ ಕೊಟ್ಟು ಲ್ಯಾಪ್‌ಟಾಪ್ ಕೊಂಡ ಗೆಳೆಯನೊಬ್ಬ ಆ ಸಾದಾ ಬಿಲ್ಡನ್ನೇ ಓಡಿಸುತ್ತಿದ್ದ. ಬದಲಿಸಿಕೊಟ್ಟೆ, ಮಿರ್ಚಿ ಭಜಿ ಕೊಡಿಸಿದ. ಈಗ 64 ಲಕ್ಷದ ಎದುರು 128 ಲಕ್ಷದ ಸುತ್ತು ಹಚ್ಚಿದ್ದೇನೆ. ಇನ್ನೂರು ಪಂದ್ಯ ಮುಗಿದಿವೆ, ಬಹುಪಾಲು ಡ್ರಾ.