ವೃದ್ಧಾಶ್ರಮಕ್ಕೆ ಹೋದಾಗ ಹಾಲ್ ಅಲ್ಲ, ಹಿಮ್ಮಡಿ ನೋಡಿ

ವೃದ್ಧಾಶ್ರಮದಲ್ಲಿರುವ ಹೆತ್ತವರನ್ನು ನೋಡಲು ಬರುವವರಲ್ಲಿ ಜಾಸ್ತಿ ಜನ ಮಾಡುವುದು ಇಷ್ಟೇ. ಭಾನುವಾರ ಫೋನ್ ಮಾಡಿ ಬರುತ್ತಾರೆ, ಮುಂದಿನ ಹಾಲ್‌ನಲ್ಲಿ ಕೂರುತ್ತಾರೆ, ಹಣ್ಣು ಕೊಟ್ಟು ‘ಚೆನ್ನಾಗಿದ್ದೀಯಾ ಅಮ್ಮಾ?’ ಅಂತ ಕೇಳುತ್ತಾರೆ. ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಾರೆ. ಅಮ್ಮ ‘ಹ್ಞೂಂ’ ಅನ್ನದೆ ಇನ್ನೇನು ಹೇಳಿಯಾರು? ಆರೈಕೆಯಲ್ಲಿ ಕೊರತೆ ಇದ್ದರೆ ಅದು ಕಾಣುವುದು ಹಾಸಿಗೆಯಲ್ಲಿ, ಮೈಮೇಲೆ.

1. ಹೇಳದೆ ಹೋಗಿ. ಒಮ್ಮೆ ಊಟದ ಹೊತ್ತಿಗೆ, ಒಮ್ಮೆ ಕತ್ತಲಾದ ಮೇಲೆ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಆಯಾ ಇದ್ದಾರೆ ಅಂತ ಕೇಳಿ. ರೂಮಿನವರೆಗೆ ಬಿಡುವುದೇ ಇಲ್ಲ ಅನ್ನುವ ಕಡೆ ಸೇರಿಸಲೇಬೇಡಿ. ‘ಸಿಸಿಟಿವಿ ಇದೆ ಸಾರ್’ ಅನ್ನುವ ಮಾತಿಗೆ ಮರುಳಾಗಬೇಡಿ. ಕ್ಯಾಮೆರಾ ಇರುವುದು ಸಾಮಾನ್ಯವಾಗಿ ಗೇಟು, ವರಾಂಡದಲ್ಲಿ. ಅದು ಯಾರ ಮಗ್ಗುಲನ್ನೂ ಬದಲಿಸುವುದಿಲ್ಲ.

2. ಮೈ ನೋಡಿ. ಹೆಚ್ಚಿನವರು ಸಂಕೋಚದಿಂದ ಬಿಡುವ ಕೆಲಸ ಇದು. ಬಾಗಿಲು ಹಾಕಿ, ‘ಬೆನ್ನು ನೋಡಲಾ?’ ಅಂತ ಕೇಳಿ, ಅವರು ಒಪ್ಪಿದ ಮೇಲೆ ನೋಡಿ. ಮಗನ ಎದುರು ನಾಚಿಕೆ ಅನಿಸಿದರೆ ಮಗಳೋ ಸೊಸೆಯೋ ನೋಡಲಿ.

ಮೊದಲು ಸಾಕ್ಸ್ ಬಿಚ್ಚಿ ಹಿಮ್ಮಡಿ ನೋಡಿ. ಆಮೇಲೆ ಮಗ್ಗುಲಿಗೆ ಹೊರಳಿಸಿ ಬೆನ್ನಿನ ಬುಡ, ಸೊಂಟದ ಎರಡೂ ಬದಿ, ಹೆಗಲ ಮೂಳೆ. ಕೊನೆಗೆ ತಲೆಯ ಹಿಂಭಾಗ. ಮಲಗಿದಲ್ಲೇ ಇರುವವರಿಗೆ ಬೆಡ್ ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಹುಣ್ಣು, ಶುರುವಾಗುವುದು ಇಂಥ ಕಡೆ. ಕೆಂಪಾಗಿದ್ದರೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗ ಬಣ್ಣ ತಿಳಿಯಾಗಿ, ಬಿಟ್ಟಾಗ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹಾಗೇ ಇದ್ದರೆ ಒಳಗೆ ಹುಣ್ಣು ಶುರುವಾಗಿದೆ ಅಂತಲೇ ತಿಳಿದು ಅಂದೇ ಡಾಕ್ಟರಿಗೆ ತೋರಿಸಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಹೋಗಬಹುದು. ಆ ಜಾಗ ಸುತ್ತಲಿಗಿಂತ ಕಪ್ಪಾಗಿದೆಯಾ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿಯೇ ನೋಡಬೇಕು.

ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ, ಚರ್ಮ ಇನ್ನಷ್ಟು ಹಾಳಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ನಡುವೆ ತೂತಿರುವ ಉಂಗುರದಂಥ ದಿಂಬನ್ನಂತೂ ಕೊಳ್ಳಲೇಬೇಡಿ. ಅದರ ಅಂಚು ಒತ್ತಿ ಸುತ್ತಲಿನ ರಕ್ತ ಓಡಾಟವೇ ಕಡಿಮೆಯಾಗುತ್ತದೆ. ಏರ್ ಬೆಡ್ ಒಳ್ಳೆಯದೇ. ಆದರೆ ಅದು ಇದೆ ಅಂತ ಹೊರಳಿಸುವುದನ್ನು ಬಿಡುವಂತಿಲ್ಲ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸಿದ್ದನ್ನು ಬರೆದಿಟ್ಟ ಹಾಳೆ ತೋರಿಸಿ ಅಂತ ಕೇಳಿ. ಇಡೀ ವಾರದ್ದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿದ್ದರೆ ನಾನಂತೂ ನಂಬುವುದಿಲ್ಲ.

ವಯಸ್ಸಾದವರಿಗೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಸ್ವಲ್ಪ ತಾಗಿದರೂ ಮೈ ಕಪ್ಪುಗಟ್ಟುತ್ತದೆ. ಹಾಗಾಗಿ ಪ್ರತಿ ಕಲೆಯೂ ಹೊಡೆತವಲ್ಲ. ಆದರೆ ತೋಳಿನ ಮೇಲೆ ಬೆರಳು ಮೂಡಿದ ಗುರುತು, ಮಣಿಕಟ್ಟಿನ ಸುತ್ತ ಕಟ್ಟಿಹಾಕಿದಂಥ ಗೆರೆ ಕಂಡರೆ ಸುಮ್ನೆ ಬಿಡಬೇಡಿ. ನಾಲಿಗೆ ಒಣಗಿದೆಯಾ? ಮೊದಲು ಬಿಗಿಯಾಗಿದ್ದ ಬಳೆ ಮೊಣಕೈವರೆಗೆ ಜಾರುತ್ತಿದೆಯಾ? ಯಾವಾಗ ಹೋದರೂ ತೂಕಡಿಸುತ್ತಿದ್ದರೆ ಡಾಕ್ಟರ್ ಚೀಟಿ ಹಿಡಿದು ಮಾತ್ರೆ ಸ್ಟ್ರಿಪ್‌ಗಳನ್ನು ಎಣಿಸಿ. ಚೀಟಿಯಲ್ಲಿಲ್ಲದ ನಿದ್ರೆ ಮಾತ್ರೆ ಸಿಕ್ಕರೆ ಅದನ್ನೂ ಡಾಕ್ಟರಿಗೆ ತೋರಿಸಿ.

3. ಒಬ್ಬರೇ ಇರುವಾಗ ಮಾತಾಡಿಸಿ. ‘ಯಾರಾದರೂ ಹೊಡೆದರಾ?’ ಅಂತ ನೇರವಾಗಿ ಕೇಳಿದರೆ ‘ಇಲ್ಲಪ್ಪಾ’ ಅನ್ನುತ್ತಾರೆ. ‘ರಾತ್ರಿ ಬಾತ್‌ರೂಮಿಗೆ ಹೋಗಬೇಕಾದರೆ ಯಾರನ್ನು ಕರೀತೀಯಾ? ಬರೋದು ಎಷ್ಟೊತ್ತಾಗುತ್ತೆ?’ ಅಂತ ಕೇಳಿ. ಮಾತು ನಿಂತ ವ್ಯಕ್ತಿಯಾದರೆ, ಯಾವ ಆಯಾ ಒಳಗೆ ಬಂದಾಗ ಮುದುಡಿಕೊಳ್ಳುತ್ತಾರೆ ಅಂತ ಗಮನಿಸಿ.

4. ಏನಾದರೂ ಕಂಡರೆ ಅಲ್ಲೇ ಕೂಗಾಡಿ ಮನೆಗೆ ಹೋಗಬೇಡಿ. ನೀವು ಹೋದ ಮೇಲೆ ಆ ಸಿಟ್ಟು ಅಮ್ಮನ ಮೇಲೆ ತಿರುಗಬಹುದು, ಅಲ್ವಾ? ಅವರ ಒಪ್ಪಿಗೆ ಕೇಳಿ ಫೋಟೊ ತೆಗೆಯಿರಿ, ತಾರೀಕು ಬರೆದಿಡಿ, ಹೊರಗಿನ ಡಾಕ್ಟರಿಗೆ ತೋರಿಸಿ ಅವರಿಂದ ಬರೆಸಿಕೊಳ್ಳಿ. ಅಪಾಯ ಅನಿಸಿದರೆ ಅಂದೇ ಕರೆದುಕೊಂಡು ಬನ್ನಿ. ಅಡ್ವಾನ್ಸ್ ದುಡ್ಡಿನ ಜಗಳ ಆಮೇಲೆ ನೋಡಿಕೊಳ್ಳಬಹುದು.

5. ದೂರು ಕೊಡಿ. ತುರ್ತಿದ್ದರೆ 112. ಉಳಿದಂತೆ ಹಿರಿಯ ನಾಗರಿಕರ ಸಹಾಯವಾಣಿ 14567, ಕರೆಗೆ ದುಡ್ಡಿಲ್ಲ. ವಿಕಲಚೇತನರ ವಿಷಯವಾದರೆ ಅವರ ಹಕ್ಕುಗಳ 2016ರ ಕಾಯ್ದೆಯ 7ನೇ ಸೆಕ್ಷನ್ ಇದೆ. ಅದರಡಿ ಸಂಬಂಧಿಕರೇ ಆಗಬೇಕಿಲ್ಲ, ಯಾರು ಬೇಕಾದರೂ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್‌ಗೆ, ಅಂದರೆ ನಮ್ಮಲ್ಲಿ ತಹಶೀಲ್ದಾರರಿಗೆ, ತಿಳಿಸಬಹುದು. ಬಿಡಿಸಿಕೊಂಡು ಬರಲು ಆದೇಶಿಸುವ ಅಧಿಕಾರ ಅವರಿಗಿದೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರೆದುಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಆ ದೂರಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಕಂಡದ್ದನ್ನೂ ಬರೆಯಿರಿ. ನಿಮ್ಮ ಅಮ್ಮ ಹೊರಗೆ ಬಂದ ಮೇಲೂ ಆ ಹಾಸಿಗೆಯವರು ಅಲ್ಲೇ ಇರುತ್ತಾರೆ, ನೋಡಲು ಬರುವವರು ಇಲ್ಲದೆಯೂ ಇರಬಹುದು.