ಊರಿನ ಹೆಸರಿಗೆ ಅಂಟ್ಕೊಳ್ಳೋ 'ಅರ್': ಜರ್ಮನಿಗೆ ಹೊಸದಾಗಿ ಬಂದೋರಿಗೆ

ನಾವು ಮೈಸೂರಿನೋರು, ಧಾರವಾಡದೋರು ಅನ್ನೋ ಹಾಗೇ ಇಲ್ಲಿ ಬರ್ಲಿನರ್, ಹ್ಯಾಂಬರ್ಗರ್, ಸ್ಟುಟ್‌ಗಾರ್ಟರ್, ಹೆಂಗಸರಾದ್ರೆ ಕೊನೇಗೆ 'ಇನ್' ಸೇರ್ಸಿ ಬರ್ಲಿನರಿನ್. ಆದ್ರೆ ಎಲ್ಲಾ ಊರಿಗೂ ಬರೀ 'ಅರ್' ಹಚ್ಚಿದ್ರೆ ನಡೆಯಲ್ಲ, ಬ್ರೆಮೆನ್‌ನೋರು ಬ್ರೆಮರ್, ಹ್ಯಾನೋವರ್‌ನೋರು ಹ್ಯಾನೋವರಾನರ್, ಹಾಲೆಯೋರು ಹಾಲೆನ್ಸರ್, ರೂಲ್ ಹುಡುಕ್ತಾ ಕೂರೋದಕ್ಕಿಂತ ನೀವಿರೋ ಊರಿಂದು ಏನು ಅಂತ ಅಕ್ಕಪಕ್ಕದೋರನ್ನ ಕೇಳೋದೇ ವಾಸಿ. ವಸ್ತುಗಳ ಹೆಸರಿನ ಮುಂದೂ ಇದೇ ಬರುತ್ತೆ. 1834ರಲ್ಲಿ ಮಂಗಳೂರಿಗೆ ಬಂದ ನಮ್ಮ ಬಾಸೆಲ್ ಮಿಷನ್ ಇದೆಯಲ್ಲ, ಜರ್ಮನ್‌ನಲ್ಲಿ ಅದು ಬಾಸ್ಲರ್ ಮಿಷನ್.

ವೆಜ್ ಇರೋರು ಇದನ್ನ ಬರೆದಿಟ್ಕೊಳ್ಳಿ. ಕ್ಯಾಂಟೀನ್ ಬೋರ್ಡ್‌ನಲ್ಲಿ ಕಾಸೆಲರ್ ಅಂತಿದ್ರೆ ಅದು ಉಪ್ಪು ಹಾಕಿ ಹೊಗೆ ಕೊಟ್ಟ ಹಂದಿ ಮಾಂಸ, ವೀನರ್, ಫ್ರಾಂಕ್‌ಫರ್ಟರ್, ನ್ಯೂರ್ನ್‌ಬರ್ಗರ್ ಮೂರೂ ಸಾಸೇಜು. ಬೇಕರಿಯ ಬರ್ಲಿನರ್ ಜಾಮ್ ತುಂಬಿದ ಸಿಹಿ ತಿಂಡಿ, ಆದ್ರೂ ಯಾವುದ್ರಲ್ಲಿ ಕರಿದಿದಾರೆ ಅಂತ ಕೇಳ್ಕೊಂಡೇ ತಗೊಳ್ಳಿ.

ಇನ್ನು ಅಡ್ಡಹೆಸರು. ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆಡೆನಾವರ್ ಹೆಸರಲ್ಲಿ ಆಡೆನಾವ್ ಅನ್ನೋ ಊರಿದೆ, ಅಣುಬಾಂಬ್ ವಿಜ್ಞಾನಿ ಒಪ್ಪೆನ್‌ಹೈಮರ್ ಹೆಸರಲ್ಲಿ ಒಪ್ಪೆನ್‌ಹೈಮ್ ಊರು. ಅಮೆರಿಕದ ವಿದೇಶಾಂಗ ಮಂತ್ರಿ ಆಗಿದ್ದ ಹೆನ್ರಿ ಕಿಸಿಂಜರ್ ಪೂರ್ವಜರೊಬ್ಬರು 1817ರಲ್ಲಿ ಬಾಡ್ ಕಿಸಿಂಗೆನ್ ಊರಿನ ಹೆಸರನ್ನೇ ಮನೆತನಕ್ಕೆ ಇಟ್ಕೊಂಡ್ರು. ಊರಲ್ಲೇ ಇರೋನನ್ನ ಯಾರೂ ಆ ಊರ ಹೆಸರಿಂದ ಕರೆಯಲ್ಲ, ಊರು ಬಿಟ್ಟು ಬಂದೋನಿಗೇ ಹೆಚ್ಚಾಗಿ ಆ ಹೆಸರು ಅಂಟೋದು. ನಮ್ಮ ಕಡೆ ಹುಬ್ಬಳ್ಳಿ, ಬಾಗಲಕೋಟಿ, ಹಾವೇರಿ ಅಂತ ಅಡ್ಡಹೆಸರು ಇರೋರು ಇದನ್ನ ಹೇಳಿ ನೋಡಿ, ಇಲ್ಲಿಯೋರಿಗೆ ತಟ್ಟನೆ ಅರ್ಥ ಆಗುತ್ತೆ. ಹಾಗೇ ಮನೆ ಸಿಕ್ಕ ದಿನವೇ ಬೆಲ್ ಪಕ್ಕ, ಪೋಸ್ಟ್ ಡಬ್ಬಿ ಮೇಲೆ ಪಾಸ್‌ಪೋರ್ಟಲ್ಲಿರೋ ಅಡ್ಡಹೆಸರು ಹಾಕ್ಬಿಡಿ, ಫ್ಲಾಟ್ ನಂಬರ್ ನಂಬ್ಕೊಂಡು ಕೂತ ನನ್ನ ಮೊದಲ ಬ್ಯಾಂಕ್ ಕಾರ್ಡು ವಾಪಸ್ ಹೋಗಿತ್ತು.

ನಾನಿರೋ ಕಾಸೆಲ್‌ನಲ್ಲಂತೂ ಮೂರು ಪದ ಇದೆ. ಹೊರಗಿಂದ ಬಂದು ನೆಲೆಸಿದೋರು ಕಾಸೆಲರ್, ಇಲ್ಲೇ ಹುಟ್ಟಿದೋರು ಕಾಸೆಲಾನರ್, ಅಪ್ಪ ಅಮ್ಮನೂ ಇಲ್ಲೇ ಹುಟ್ಟಿದ್ರೆ ಮಾತ್ರ ಕಾಸೆಲೇನರ್. ಎಷ್ಟು ವರ್ಷ ಇದ್ರೂ ನಾನು ಕಾಸೆಲರ್ರೇ, ಅದರಲ್ಲಿ ನಂಗೇನೂ ಬೇಜಾರಿಲ್ಲ. ಮಗಳು ಹುಟ್ಟಿ ಮನೆಗೆ ಬಂದಾಗ ಕೆಳಗಿನ ಮನೆ ಅಜ್ಜಿ ತೊಟ್ಟಿಲಿಗೆ ಬಗ್ಗಿ, ಬೆರಳಿಂದ ಕೆನ್ನೆ ಮುಟ್ಟಿ 'ಕಾಸೆಲಾನರಿನ್' ಅಂದ್ರು, ಆ ಪದ ನಾನು ಕೇಳಿದ್ದು ಅವತ್ತೇ ಮೊದಲು.